ದೇವರಿಗೆ ಎತ್ತಿಟ್ಟ ಹಿಡಿ

ನಮ್ಮ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಅದರಿಂದ ಒಂದು ಹಿಡಿ ತೆಗೆದು ದೇವರ ಡಬ್ಬಿಗೆ ಹಾಕಬೇಕಿತ್ತು. ದೇವರ ಡಬ್ಬಿ ಎಂದರೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಮುಚ್ಚಳದ ಮೇಲಿದ್ದ ಗುಲಾಬಿ ಹೂಗಳು ಅಮ್ಮನ ಹೆಬ್ಬೆರಳು ತಾಕಿ ತಾಕಿ ಅಳಿಸಿಹೋಗಿದ್ದವು. ಒಲೆಯ ಬಲಗಡೆಯ ಗೂಡಿನಲ್ಲಿ ಅದರ ಜಾಗ. ಉಪ್ಪಿನ ಜಾಡಿಯನ್ನೋ ಹುಣಸೆಹಣ್ಣಿನ ಡಬ್ಬಿಯನ್ನೋ ಯಾರು ಎಲ್ಲಿಟ್ಟರೂ ಅಮ್ಮ ಸುಮ್ಮನಿರುತ್ತಿದ್ದಳು, ಇದನ್ನು ಒಂದು ಬೆರಳಷ್ಟು ಸರಿಸಿದರೂ ಅವಳಿಗೆ ತಿಳಿಯುತ್ತಿತ್ತು. ಗೂಡು ನನ್ನ ಕೈಗೆ ಎಟುಕುವಷ್ಟು ನಾನು ಬೆಳೆದ ಮೇಲೆ ಆ ಹಿಡಿ ಹಾಕುವ ಕೆಲಸ ನನ್ನದಾಯಿತು. ಮೊದಲ ದಿನವೇ ಪಾಠವಾಯಿತು.

"ಹಿಡಿ ಅಂದ್ರೆ ಬೆರಳು ಪೂರ್ತಿ ಮುಚ್ಚಬೇಕು ಕಣೆ. ಎತ್ತಿದ ಮೇಲೆ ಒಂದು ಕಾಳೂ ಉದುರಬಾರದು. ದೇವರಿಗೆ ಕೊಡೋವಾಗ ಕೈ ಸಡಿಲ ಮಾಡಬಾರದು."

ನಾವಿದ್ದ ಮೇಟಗಳ್ಳಿಯ ಕ್ರೈಸ್ತರ ಮನೆಗಳಲ್ಲೆಲ್ಲ ಇಂಥದೊಂದು ಡಬ್ಬಿ ಇತ್ತು. ಶನಿವಾರ ಬೆಳಿಗ್ಗೆ ಅಮ್ಮ ಗೋಣಿಚೀಲ ಹಿಡಿದು ಮನೆಮನೆಗೆ ಹೋಗಿ ಆ ಅಕ್ಕಿಯನ್ನು ತುಂಬಿಸಿಕೊಂಡು ಬರುತ್ತಿದ್ದಳು. ಚರ್ಚಿನ ಸಭೆಯ ಸ್ತ್ರೀಯರ ಕೂಟ ಅವಳಿಗೆ ಒಪ್ಪಿಸಿದ್ದ ಕೆಲಸ ಅದು. ಒಂದು ಮನೆಯದು ರೇಷನ್ನಿನ ದಪ್ಪಕ್ಕಿ, ಇನ್ನೊಂದು ಮನೆಯದು ಸಣ್ಣಕ್ಕಿ, ಮಂಗಳೂರಿನ ಕಡೆಯವರೊಬ್ಬರ ಮನೆಯದು ಕುಸುಬಲಕ್ಕಿ, ಎಲ್ಲವೂ ಒಂದೇ ಚೀಲಕ್ಕೆ. ಆ ಚೀಲ ಶನಿವಾರ ಪೂರ್ತಿ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದು, ಭಾನುವಾರ ಆರಾಧನೆಗೆ ಅಮ್ಮನ ಜೊತೆ ಆಟೋದಲ್ಲಿ ಹೋಗುತ್ತಿತ್ತು. ಅಲ್ಲಿ ಪಾಸ್ಟರು ಅದರ ಮೇಲೆ ಪ್ರಾರ್ಥನೆ ಮಾಡುತ್ತಿದ್ದರು. ಆಮೇಲೆ ಸ್ತ್ರೀಯರ ಕೂಟದವರು ಅದನ್ನು ಕಷ್ಟದಲ್ಲಿರುವ ಯಾವುದೋ ಮನೆಗೆ ಮುಟ್ಟಿಸುತ್ತಿದ್ದರು. ಯಾರ ಮನೆಗೆ ಎಂದು ಯಾರೂ ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತಿತ್ತು. ಅಮ್ಮನಿಗೆ ಆ ಚೀಲ ಹೊರುವುದರಲ್ಲಿ ಒಂದು ಗತ್ತು ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಲ್ಲಿ ನಿಂತು "ಸ್ತೋತ್ರ ಅಕ್ಕ" ಅನ್ನುವಾಗ ಅವಳ ದನಿಯೇ ಬೇರೆಯಾಗುತ್ತಿತ್ತು. ಕೊಡುವವರ ಸಾಲಿನಲ್ಲಿ ಮುಂದೆ ನಿಂತವಳು ಅವಳು. ಪಡೆಯುವವರ ಮನೆಗಳನ್ನು ಅವಳು ಹೊರಗಿನಿಂದ ಮಾತ್ರ ನೋಡಿದ್ದಳು.

ನಮ್ಮ ಮನೆ ಎಂದರೆ ಉದ್ದನೆಯ ವಠಾರದ ಕೊನೆಯದು, ಮೇಲೆ ಶೀಟು. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚ, ನಡುವೆ ನಾನು ಅಮ್ಮ ಮಲಗುವ ಜಾಗ, ಹಿಂದೆ ಅಡುಗೆಮನೆ, ಅದರ ಪಕ್ಕದ ಸಂದಿಯಲ್ಲಿ ಅಜ್ಜಿ. ಅಜ್ಜಿ ಅಪ್ಪನ ತಾಯಿ, ಕೊರಳಲ್ಲಿ ಲಿಂಗ ಕಟ್ಟಿದವಳು. ಅಪ್ಪ ಪ್ರೀತಿ ಮಾಡಿ ಕ್ರೈಸ್ತರ ಹುಡುಗಿಯನ್ನು ಮದುವೆಯಾಗಿ, ದೀಕ್ಷಾಸ್ನಾನ ಮಾಡಿಸಿಕೊಂಡು, ಸಭೆಯ ಪಟ್ಟಿಯಲ್ಲಿ ಬೇರೆ ಹೆಸರಿಟ್ಟುಕೊಂಡಿದ್ದ. ಆ ಹೆಸರಿನಿಂದ ಅವನನ್ನು ಯಾರಾದರೂ ಕರೆದದ್ದು ನನಗೆ ನೆನಪಿಲ್ಲ. ಅಜ್ಜಿಗಂತೂ ಅವನು ಕೊನೆಯವರೆಗೂ ಮಾದೇವನೇ. ಎರಡೂ ಕಡೆಯವರು ಮುನಿದರು. ಅಮ್ಮನ ತವರಿನಿಂದ ಮದುವೆಗೆ ಒಬ್ಬರೂ ಬರಲಿಲ್ಲ, ಹೊರಡುವಾಗ ಮಡಿಲಿಗೆ ಒಂದು ಬೊಗಸೆ ಅಕ್ಕಿ ಹಾಕುವವರೂ ಇರಲಿಲ್ಲ. ಅಜ್ಜಿ ಮಾತ್ರ, ಇರುವವನು ಒಬ್ಬ ಮಗ, ಅವನನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದು, ತನ್ನ ವಿಭೂತಿ ಗಟ್ಟಿಯ ಸಮೇತ ನಮ್ಮ ಜೊತೆಗೇ ಬಂದಳು. ಬಂದವಳು ಸುಮ್ಮನಿರಲೂ ಇಲ್ಲ ಅನ್ನಿ.

ಬೆಳಿಗ್ಗೆ ಎದ್ದರೆ ಸಂದಿಯಲ್ಲಿ ಅಜ್ಜಿ ಎಡಗೈಯ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತ ಕೂತಿರುತ್ತಿದ್ದಳು. ಇತ್ತ ಅಮ್ಮ ಮಂಡಿಯೂರಿ, ಕಣ್ಣು ಬಿಗಿಯಾಗಿ ಮುಚ್ಚಿ, ನಮ್ಮನ್ನೆಲ್ಲ ದೇವರ ಕೈಗೆ ಒಪ್ಪಿಸುತ್ತಿದ್ದಳು. ನನಗೆ ತಲೆ ಕೆಡುತ್ತಿತ್ತು. ದೇವರು ನಮ್ಮ ಕೈಯಲ್ಲಿರುತ್ತಾನೋ, ನಾವು ದೇವರ ಕೈಯಲ್ಲಿರುತ್ತೇವೋ? ಅಜ್ಜಿಯನ್ನು ಕೇಳಿದರೆ, ಕೈಯಾಗಿರೋದ ನೋಡ್ಕೊ, ಇನ್ನೊಬ್ರ ಕೈ ಯಾಕೆ ನೋಡ್ತೀಯ ಅನ್ನುತ್ತಿದ್ದಳು. ಅಮ್ಮನನ್ನು ಕೇಳಿದರೆ, ಕಣ್ಣು ಮುಚ್ಚು, ಆಗ ಗೊತ್ತಾಗುತ್ತೆ ಅನ್ನುತ್ತಿದ್ದಳು. ಮುಚ್ಚಿದರೆ ಕತ್ತಲು ಬಿಟ್ಟು ಇನ್ನೇನೂ ಗೊತ್ತಾಗುತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ ನಗುತ್ತಿದ್ದ. ಅವನ ನಗುವಿನಲ್ಲಿ ಎರಡೂ ದೇವರುಗಳಿಗೆ ಜಾಗ ಇದ್ದ ಹಾಗಿತ್ತು.

ಆ ನಗು ಒಂದು ಮಧ್ಯಾಹ್ನ ನಿಂತುಹೋಯಿತು. ಕಾರ್ಖಾನೆಯಲ್ಲಿ ಊಟದ ಸೈರನ್ ಆದ ಮೇಲೆ ಕೈ ತೊಳೆಯಲು ಹೋದವನು ನಲ್ಲಿಯ ಹತ್ತಿರವೇ ಕುಸಿದನಂತೆ. ಲಕ್ವ. ಬಲಗೈ, ಬಲಗಾಲು, ನಾಲಿಗೆ, ಎಲ್ಲ ಸತ್ತಂತಾಯಿತು. ಆಸ್ಪತ್ರೆಯಿಂದ ಮನೆಗೆ ತಂದು ಮಂಚದ ಮೇಲೆ ಮಲಗಿಸಿದಾಗ, ಕಾರ್ಖಾನೆಯ ಕೆಲಸ ಹೊತ್ತ ಆ ಕೈ ಹಾಸಿಗೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ಟವೆಲಿನಂತೆ ಬಿದ್ದಿತ್ತು. ಅವನು ಕಂಟ್ರಾಕ್ಟರ ಕೈಕೆಳಗಿನ ಕೆಲಸಗಾರ, ಆದ್ದರಿಂದ ಬಿದ್ದ ದಿನಕ್ಕೇ ಸಂಬಳ ನಿಂತಿತು. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಕ್ಕಿಯ ಗಂಜಿಯೊಂದೇ ಅವನ ಊಟವಾಯಿತು. ಪ್ರಾರ್ಥನೆಯ ಹೊತ್ತಿಗೆ ಅವನು ಮುಖವನ್ನು ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದ. ಅಮ್ಮ ಅದನ್ನು ನೋಡಿಯೂ ನೋಡದವಳಂತೆ ಪ್ರಾರ್ಥನೆಯನ್ನು ಇನ್ನಷ್ಟು ಜೋರಾಗಿ ಮಾಡುತ್ತಿದ್ದಳು.

ಸಭೆಯವರು ಬಂದರು. ಹಾರ್ಲಿಕ್ಸ್ ತಂದರು, ಬಾಳೆಹಣ್ಣು ತಂದರು, ಮಂಚದ ಸುತ್ತ ನಿಂತು ಹಾಡಿದರು. ಹೋಗುವಾಗ ಒಬ್ಬೊಬ್ಬರೂ ಅಮ್ಮನ ಭುಜ ಹಿಡಿದು ಒಂದೇ ಮಾತು ಹೇಳುತ್ತಿದ್ದರು.

"ಇದರಲ್ಲಿ ದೇವರ ಉದ್ದೇಶ ಇದೆ ಗ್ರೇಸಮ್ಮ. ನೀನು ಒಪ್ಪಿಸಿಬಿಡು, ಅವನು ನಡೆಸ್ತಾನೆ."

ನಾನು ಆ ಉದ್ದೇಶಕ್ಕಾಗಿ ಕಾಯತೊಡಗಿದೆ. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದವರ ಕಥೆಗಳೆಲ್ಲ ಹಾಗೇ ಇರುತ್ತಿದ್ದವು. ಕಷ್ಟ ಬಂತು, ಒಪ್ಪಿಸಿದೆ, ಬಾಗಿಲು ತೆರೆಯಿತು, ಸ್ತೋತ್ರ. ನಮ್ಮ ಮನೆಯ ಬಾಗಿಲು ಮಳೆಗೆ ಉಬ್ಬಿಕೊಂಡು ತೆರೆಯಲೂ ಆಗದೆ ಮುಚ್ಚಲೂ ಆಗದೆ ನಿಂತಿತ್ತು. ಅಪ್ಪ ಬಿದ್ದದ್ದರಿಂದ ದೇವರಿಗೆ ಏನು ಉಪಯೋಗ ಎಂದು ನನಗೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅಮ್ಮನಿಗೂ ಹೊಳೆದಿರಲಿಲ್ಲ ಅಂತ ಈಗ ಅನ್ನಿಸುತ್ತದೆ, ಆದರೆ ಆಗ ಅವಳು ಎಲ್ಲ ತಿಳಿದವಳ ಮುಖ ಹೊತ್ತು ಓಡಾಡುತ್ತಿದ್ದಳು. ಮನೆಯಲ್ಲಿ ಹೇಗೆ ನಡೀತಿದೆ ಎಂದು ಯಾರು ಕೇಳಿದರೂ ಉತ್ತರ ಸಿದ್ಧವಿತ್ತು.

"ಏನೂ ಕಮ್ಮಿ ಇಲ್ಲ ಅಕ್ಕ. ದೇವರು ನಡೆಸ್ತಿದ್ದಾನೆ."

ಕಮ್ಮಿ ಇತ್ತು. ಅಮ್ಮ ಗೋಕುಲಂನಲ್ಲಿ, ಯೋಗ ಕಲಿಯಲು ಬಂದ ವಿದೇಶದವರು ಇಳಿದುಕೊಳ್ಳುವ ಒಂದು ಮನೆಯಲ್ಲಿ ನೆಲ ಒರೆಸಿ ಬಟ್ಟೆ ಒಗೆಯುವ ಕೆಲಸ ಹಿಡಿದಳು. ಅದರಲ್ಲಿ ಬಂದದ್ದು ಅಪ್ಪನ ಮಾತ್ರೆಗೆ ಸರಿಹೋಗುತ್ತಿತ್ತು. ನಮಗೆಲ್ಲ ಮುದ್ದೆ, ಉಪ್ಪೆಸರು. ಅಪ್ಪನ ಗಂಜಿ ದಿನದಿಂದ ದಿನಕ್ಕೆ ತೆಳ್ಳಗಾಗುತ್ತ ಹೋಗಿ ಕೊನೆಗೆ ತಟ್ಟೆಯ ತಳ ಕಾಣಿಸತೊಡಗಿತು. ಆದರೂ ಆ ಇಷ್ಟೇ ಇಷ್ಟು ಅಕ್ಕಿಯಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕುವುದು ತಪ್ಪಲಿಲ್ಲ. ನಾನು ಹಿಡಿಯನ್ನು ಚಿಕ್ಕದು ಮಾಡಿದರೆ ಅಮ್ಮ ನನ್ನ ಬೆರಳುಗಳನ್ನು ಬಿಡಿಸಿ ಮತ್ತೆ ತುಂಬಿಸುತ್ತಿದ್ದಳು. ಶನಿವಾರ ಬಂದರೆ ಮೂಲೆಯಲ್ಲಿ ಊರವರ ಅಕ್ಕಿಯ ಚೀಲ ತುಂಬು ಹೊಟ್ಟೆಯಲ್ಲಿ ಕೂತಿರುತ್ತಿತ್ತು. ಇದ್ದದ್ದು ಹಸಿವೆಯೊಂದೇ ಆಗಿದ್ದರೆ ಹೇಗೋ ಆಗುತ್ತಿತ್ತೇನೋ. ನಮಗೆ ಇಲ್ಲ ಎಂಬ ಒಂದು ಮಾತನ್ನು ಅಮ್ಮ ಬಾಯಿಬಿಟ್ಟು ಹೇಳುತ್ತಾಳೋ, ಅಥವಾ ಅದನ್ನು ನುಂಗಿಕೊಂಡು ಅಪ್ಪನನ್ನು ಹೀಗೇ ಸವೆಯಲು ಬಿಡುತ್ತಾಳೋ ಎನ್ನುವುದೇ ಆ ದಿನಗಳಲ್ಲಿ ನಮ್ಮ ಮನೆಯ ಪ್ರಶ್ನೆಯಾಗಿತ್ತು. ಅಜ್ಜಿ ಅದನ್ನು ಮುಚ್ಚಿಡದೆ ಕೇಳುತ್ತಿದ್ದಳು.

"ಮನೇಲಿ ಮೂಟೆ ಅಕ್ಕಿ ಇಟ್ಕೊಂಡು ನನ್ ಮಗನ್ಗೆ ನೀರ್ ಕುಡುಸ್ತೀಯಲ್ಲೆ. ಇದ್ಯಾವ್ ಭಕ್ತಿನೆ ನಿಂದು?"

"ಅದು ನಮ್ದಲ್ಲ ಅತ್ತೆ. ದೇವರದು."

"ದೇವ್ರು ಯಾವತ್ತು ಬಂದು ತಕ್ಕೊಂಡೋದ?"

ಅಮ್ಮ ಬಿಂದಿಗೆ ಎತ್ತಿಕೊಂಡು ನೀರಿಗೆ ಹೋಗುತ್ತಿದ್ದಳು. ನೀರು ಬರುವ ಹೊತ್ತಲ್ಲದಿದ್ದರೂ ಹೋಗುತ್ತಿದ್ದಳು.

ಒಂದು ಶನಿವಾರ ಅಮ್ಮ ಚೀಲ ತಂದಿಟ್ಟು, ಬಾಯಿ ಕಟ್ಟಿ, ಗೋಕುಲಂಗೆ ಕೆಲಸಕ್ಕೆ ಹೋದಳು. ನಾನು ಬೆಳಗಿನ ಶಾಲೆ ಮುಗಿಸಿ ಬಂದಾಗ ವಠಾರದ ಬಾಗಿಲಿಗೇ ಅನ್ನ ಬೇಯುವ ವಾಸನೆ ಬಡಿಯಿತು. ಬೇರೆ ಯಾರದೋ ಮನೆಯದೆಂದುಕೊಂಡೆ. ಒಳಗೆ ಬಂದರೆ ನಮ್ಮ ಒಲೆಯ ಮೇಲೆ ದೊಡ್ಡ ಪಾತ್ರೆ, ಮುಂದೆ ಅಜ್ಜಿ, ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಚೀಲದ ಬಾಯಿ ಬಿಚ್ಚಿತ್ತು.

"ಅಜ್ಜಿ, ಅದು ದೇವರ ಅಕ್ಕಿ."

"ದೇವ್ರುದ್ದೇ ಕಣವ್ವ. ಅದ್ಕೇ ತಕ್ಕೊಂಡೆ. ಮನುಷ್ರುದಾಗಿದ್ರೆ ಕೇಳ್ದೆ ಮುಟ್ತಿದ್ನಾ?"

ಗಂಜಿ ತಿರುವುತ್ತಲೇ ಅವಳು ತನ್ನ ಲೆಕ್ಕಾಚಾರ ಹೇಳಿದಳು. ಅವಳ ಊರಿನಲ್ಲಿ ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೂ ಬರುತ್ತಿದ್ದರಂತೆ. ಹಾಗೆ ಬಂದ ಅಕ್ಕಿ ಅಂದೇ ಮಠದ ಒಲೆಯ ಮೇಲೆ ಬೆಂದು, ಹಸಿದು ಬಂದವರ ಎಲೆಗೆ ಬೀಳುತ್ತಿತ್ತಂತೆ. ಯಾರು, ಏನು, ಎತ್ತ ಎಂದು ಕೇಳುವ ಪದ್ಧತಿ ಇರಲಿಲ್ಲ. ದೇವರ ಹೆಸರಿನಲ್ಲಿ ಎತ್ತಿದ ಅಕ್ಕಿ ಇರುವ ಮನೆಯಲ್ಲಿ ಯಾರೂ ಹಸಿದಿರಬಾರದು, ಇದ್ದರೆ ಆ ಅಕ್ಕಿಗೇ ಅವಮಾನ. ಇದು ಕದ್ದದ್ದು ಎಂಬ ಭಾವನೆಯ ನೆರಳೂ ಅವಳ ಮುಖದಲ್ಲಿರಲಿಲ್ಲ. ನಾನು ಅವಳ ಮಾತು ಸರಿಯೆಂದುಕೊಂಡೆ. ಅಮ್ಮನ ಮಾತೂ ಸರಿಯಿತ್ತಲ್ಲ ಎಂದು ತಕ್ಷಣ ಭಯವೂ ಆಯಿತು.

ಅಜ್ಜಿ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಗಟ್ಟಿ ಗಂಜಿಗೆ ಉಪ್ಪು ಹಾಕಿ, ಚಮಚದಲ್ಲಿ ತಿನ್ನಿಸಿದಳು. ದಪ್ಪಕ್ಕಿ, ಸಣ್ಣಕ್ಕಿ ಬೆಂದು ಕರಗಿದ್ದವು, ಕುಸುಬಲಕ್ಕಿ ಮಾತ್ರ ಇನ್ನೂ ಗಟ್ಟಿಯಿತ್ತು, ಅದನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಕೊಟ್ಟಳು. ತಟ್ಟೆ ಖಾಲಿಯಾಗುವ ಹೊತ್ತಿಗೆ ಅಮ್ಮ ಬಂದಳು. ವಾಸನೆಗೇ ಅವಳಿಗೆ ಗೊತ್ತಾಯಿತು. ಚೀಲದ ಹತ್ತಿರ ಹೋಗಿ ಬಿಚ್ಚಿದ ಹುರಿಯನ್ನು ಕೈಯಲ್ಲಿ ಹಿಡಿದು ನಿಂತಳು.

"ಅತ್ತೆ, ಜನ ನಂಬಿ ನನ್ನ ಕೈಗೆ ಕೊಟ್ಟಿದ್ದು ಇದು."

"ನಿನ್ ಗಂಡನ್ ಗಂಟ್ಲಲ್ಲಿ ಇಳ್ದದೆ. ಕಕ್ಕುಸ್ತೀಯಾ ಈಗ?"

ಅಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮಂಚದಿಂದ ಅಪ್ಪನ ದನಿ ಬಂತು. ಬಿದ್ದಾಗಿನಿಂದ ಅವನು ಆಡಿದ್ದೆಲ್ಲ ತೊದಲಿ ಕಲೆತುಹೋಗುತ್ತಿತ್ತು, ಅಂದು ಮಾತ್ರ ಪದ ಸ್ಪಷ್ಟವಾಗಿತ್ತು.

"ಚೆನ್ನಾಗಿತ್ತು."

ಅಮ್ಮ ಹೊಸ್ತಿಲ ಮೇಲೆ ಕೂತಳು. ಅವಳು ಬಯ್ಯುತ್ತಾಳೆ, ಅಳುತ್ತಾಳೆ, ಮಂಡಿಯೂರುತ್ತಾಳೆ ಎಂದು ಕಾದೆ. ಯಾವುದೂ ಇಲ್ಲ. ಎದ್ದು ದೇವರ ಡಬ್ಬಿಯಲ್ಲಿದ್ದಷ್ಟನ್ನು ಚೀಲಕ್ಕೆ ಸುರಿದಳು. ತಗ್ಗು ತುಂಬಲಿಲ್ಲ. ಚೀಲದ ಬಾಯಿ ಮತ್ತೆ ಕಟ್ಟಿ, ನಾಳೆ ಸಭೆಯಲ್ಲಿ ಹೇಳುತ್ತೇನೆ ಎಂದಳು. ಮನೆ ಮಾನ ಬೀದಿಗೆ ತರ್ತೀಯಾ ಎಂದು ಅಜ್ಜಿ ಮೊದಲ ಸಲ ಹೆದರಿದ ದನಿಯಲ್ಲಿ ಕೇಳಿದಳು. ನನಗೂ ಹೆದರಿಕೆ. ಅಜ್ಜಿಯ ಹೆಸರು ಹೇಳಿಬಿಟ್ಟರೆ? ಬೇರೆ ದೇವರ ಮುದುಕಿ ನಮ್ಮ ದೇವರ ಅಕ್ಕಿ ತಿಂದಳು ಎಂದು ಸಭೆಯವರು ತಿರುಗಿಬಿದ್ದರೆ?

ಭಾನುವಾರ ಸಾಕ್ಷಿ ಹೇಳುವ ಹೊತ್ತಿಗೆ ಅಮ್ಮ ಎದ್ದಳು. ಮುಂದಿನ ಬೆಂಚಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಮ್ಮ ಮನೇಲಿ ಅಕ್ಕಿ ಇಲ್ಲ. ಇಷ್ಟು ದಿನ ಎಲ್ಲ ಇದೆ ಅಂತ ಹೇಳ್ತಾ ಬಂದೆ. ಇಲ್ಲ. ನಿನ್ನೆ ನಾವು ದೇವರ ಚೀಲದಿಂದ ತಗೊಂಡು ನಮ್ಮ ಯಜಮಾನರಿಗೆ ಗಂಜಿ ಮಾಡಿದ್ವಿ. ಅವರು ಹೊಟ್ಟೆ ತುಂಬ ಉಂಡ್ರು. ಉದ್ದೇಶ ಅಂತಾರೆ, ನನಗೆ ಯಾವ ಉದ್ದೇಶನೂ ಕಾಣ್ತಿಲ್ಲ. ನನ್ನ ಕೈಲಿ ಆಗ್ತಿಲ್ಲ. ಅಷ್ಟೇ."

ನಾವು ಎಂದಳು. ಅತ್ತೆ ಎನ್ನಲಿಲ್ಲ. ಇಷ್ಟು ಹೇಳಿ ಕೂತುಬಿಟ್ಟಳು. ಸಾಕ್ಷಿಗೆ ಇರಬೇಕಾದ ಕೊನೆ ಅವಳ ಸಾಕ್ಷಿಗೆ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸದ ಮೇಲೆ "ಸ್ತೋತ್ರ" ಎಂದು, ತಪ್ಪಾಯಿತೇನೋ ಎಂದು ಕೆಮ್ಮಿದರು. ಪಾಸ್ಟರು ಮುಂದಿನ ಹಾಡು ಹುಡುಕುತ್ತ ಹಾಳೆ ತಿರುವಿದರು, ತಿರುವುತ್ತಲೇ ಇದ್ದರು. ಮುಗಿದ ಮೇಲೆ ಯಾರ ಜೊತೆಗೂ ನಿಲ್ಲದೆ ನಾವು ಬಸ್ ಸ್ಟಾಪಿಗೆ ಬಂದೆವು.

"ಅಮ್ಮ, ಒಪ್ಪಿಸೋದು ಅಂದ್ರೆ ಇದೇನಾ?"

"ಗೊತ್ತಿಲ್ಲ ಕಣೆ. ಕೈ ಹಿಡ್ಕೊ."

ಸಂಜೆ ಬಾಗಿಲಲ್ಲಿ ಸ್ತ್ರೀಯರ ಕೂಟದ ನಾಲ್ಕಾರು ಜನ ನಿಂತಿದ್ದರು. ಮುಂದೆ ಕೂಟದ ಹಿರಿಯಳಾದ ಸುಶೀಲಾ ಆಂಟಿ, ಅವರ ಕಾಲ ಬಳಿ ಅದೇ ಚೀಲ. ಅಮ್ಮ ಕಟ್ಟಿದ ಗಂಟು ಹಾಗೇ ಇತ್ತು. ಅಮ್ಮ ಅವರನ್ನು ಒಳಗೆ ಕರೆಯಲೂ ಇಲ್ಲ, ಬಾಗಿಲು ಬಿಟ್ಟು ಸರಿಯಲೂ ಇಲ್ಲ. ಕಷ್ಟದ ಮನೆಗಳ ಮುಂದೆ ಅವಳು ಎಷ್ಟು ಸಲ ಸುಶೀಲಾ ಆಂಟಿಯ ಪಕ್ಕದಲ್ಲಿ ನಿಂತಿದ್ದಳೋ. ಈಗ ನಡುವೆ ಹೊಸ್ತಿಲಿತ್ತು.

"ನಮಗೆ ಬೇಡ ಅಕ್ಕ. ಇನ್ನೂ ಕಷ್ಟದಲ್ಲಿರೋರು ಇರ್ತಾರೆ, ಅವರಿಗೆ ಕೊಡಿ."

"ಸಭೆ ಕಳಿಸಿದೆ ಗ್ರೇಸಿ."

"ಬೇಡ ಅಕ್ಕ. ತಪ್ಪಾಯ್ತು ಅಂತ ಹೇಳೋಕೆ ನಿಂತಿದ್ದೆ. ಕೇಳೋಕಲ್ಲ."

ಬೆಳಿಗ್ಗೆ ಕೈಲಾಗುತ್ತಿಲ್ಲ ಎಂದು ಅಷ್ಟು ಜನರೆದುರು ಹೇಳಿದವಳು ಸಂಜೆ ಯಾಕೆ ಹೀಗೆ ಅಡ್ಡ ನಿಂತಳೋ ನನಗೆ ಅರ್ಥವಾಗಲಿಲ್ಲ. ಇಲ್ಲ ಎಂದು ಹೇಳುವುದು ಒಂದು, ಕೊಟ್ಟದ್ದಕ್ಕೆ ಕೈ ಚಾಚುವುದು ಇನ್ನೊಂದು ಎಂಬುದು ಆಗ ನನಗೆ ತಿಳಿದಿರಲಿಲ್ಲ. ಸುಶೀಲಾ ಆಂಟಿ ಚೀಲವನ್ನು ಮತ್ತೆ ಎತ್ತಿಕೊಳ್ಳಲು ಬಗ್ಗಿದರು. ಆಗ ಸಂದಿಯಿಂದ ಅಜ್ಜಿ ಬಂದಳು. ಸಭೆಯವರು ಬಂದಾಗ ಅವಳು ಎಂದೂ ಹೊರಗೆ ಬಂದವಳಲ್ಲ.

"ಇವಳ ತೌರ್ನೋರು ಮಡ್ಲಕ್ಕಿ ಕಟ್ಟದಲೇ ಕಳ್ಸವ್ರೆ ಕಣ್ರವ್ವ. ನೀವೇ ತೌರ್ನೋರು ಅನ್ಕೊಂಡು ಕಟ್ಬುಡಿ. ಗ್ರೇಸಿ, ಸೆರಗೊಡ್ಡು."

ಇದೆಲ್ಲ ನಮ್ಮ ಸಭೆಯಲ್ಲಿ ನಡೆಯುವುದೋ ಇಲ್ಲವೋ ಎಂದು ಸುಶೀಲಾ ಆಂಟಿ ಒಂದು ಗಳಿಗೆ ಯೋಚಿಸಿದಂತೆ ಕಂಡಿತು. ಆಮೇಲೆ ಗಂಟು ಬಿಚ್ಚಿ ಎರಡೂ ಕೈ ತುಂಬ ಅಕ್ಕಿ ಎತ್ತಿ ನಿಂತರು. ಬೊಗಸೆಯ ಸಂದಿನಿಂದ ಕಾಳು ಹೊಸ್ತಿಲ ಮೇಲೆ ಉದುರುತ್ತಿತ್ತು. ಅದು ಉದುರುವುದನ್ನು ನೋಡಲಾರದೆಯೋ ಏನೋ, ಅಮ್ಮ ಸೆರಗು ಬಿಚ್ಚಿ ಒಡ್ಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು. ಅಪ್ಪ ಬಿದ್ದ ದಿನವೂ ಅಳದ ಅಮ್ಮ ಅಂದು ದನಿ ತೆಗೆದು ಅತ್ತಳು. ಅತ್ತೆ ಸೊಸೆಯ ಬೆನ್ನು ಸವರುತ್ತ, ಆಯ್ತು ಬುಡು, ಆಯ್ತು ಬುಡು ಅನ್ನುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅಮ್ಮ ಆ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಅಪ್ಪನ ಮಂಚದ ಪಕ್ಕದಲ್ಲೇ ಕೂತು ಆರಿಸುತ್ತಿದ್ದಳು. ನಾನು ದೇವರ ಡಬ್ಬಿ ತಂದು ಹಿಡಿ ತುಂಬಲು ಕೈ ಇಟ್ಟೆ. ನಮಗೇ ಕೊಟ್ಟ ಅಕ್ಕಿಯಿಂದ ಮತ್ತೆ ಕೊಡುವುದೇ, ಹಾಗಾದರೆ ಇದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಅಪ್ಪ ಎಡಗೈಯಿಂದ ನನ್ನ ಕೈ ತಡೆದ. ಆಮೇಲೆ ಅದೇ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ಮೊರದ ಮೇಲೆ ಇಟ್ಟ. ಪ್ರಾರ್ಥನೆಗೆ ಗೋಡೆಯ ಕಡೆ ತಿರುಗುತ್ತಿದ್ದವನು ಅವನು. ಅಮ್ಮ ಅವನ ಮುಖ ನೋಡಿದಳು. ಅವನ ಮಣಿಕಟ್ಟು ಹಿಡಿದು ಕೈಯನ್ನು ಅಕ್ಕಿಯೊಳಗೆ ಒತ್ತಿ, ಮೇಲೆತ್ತಿ, ಡಬ್ಬಿಯ ಮೇಲೆ ತಂದಳು. ಬೆರಳುಗಳು ಮಡಚಲಿಲ್ಲ. ಅಕ್ಕಿಯೆಲ್ಲ ಜಾರಿ ಮೊರಕ್ಕೇ ಬಿತ್ತು. ಅಂಗೈಯ ಬೆವರಿಗೆ ಅಂಟಿಕೊಂಡ ಕೆಲವು ಕಾಳು ಮಾತ್ರ ಉಳಿದಿದ್ದವು. ಅಮ್ಮ ಅವನ್ನು ಬೆರಳಿನಿಂದ ನಿಧಾನವಾಗಿ ಡಬ್ಬಿಯೊಳಗೆ ಸವರಿ, ಮುಚ್ಚಳ ಒತ್ತಿದಳು.

"ಆಯ್ತು. ಇವತ್ತಿನ ಹಿಡಿ ಆಯ್ತು."

ಬೆರಳು ಪೂರ್ತಿ ಮುಚ್ಚಬೇಕು, ಒಂದು ಕಾಳೂ ಉದುರಬಾರದು ಎಂದು ನನಗೆ ಕಲಿಸಿದವಳು ಇವಳೇ ಅಲ್ಲವೇ ಎಂದು ನಾನು ನೋಡುತ್ತ ನಿಂತೆ. ಅವಳು ಆಗಲೇ ಎದ್ದು ಒಲೆ ಹಚ್ಚಲು ಹೋಗಿದ್ದಳು. ಅಪ್ಪನ ಕೈ ಮತ್ತೆ ಏಳಲಿಲ್ಲ. ಆ ಉದ್ದೇಶ ಯಾವುದು ಎಂದು ಅವಳು ಸಾಯುವವರೆಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅವರು ಯಾರೂ ಇಲ್ಲ. ಡಬ್ಬಿ ವಿದ್ಯಾರಣ್ಯಪುರಂನ ನನ್ನ ಅಡುಗೆಮನೆಯಲ್ಲಿದೆ. ನಾನು ನಂಬುತ್ತೇನೋ ಇಲ್ಲವೋ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಆದರೆ ಅಕ್ಕಿ ಅಳೆದ ಮೇಲೆ ಕೈ ತಾನಾಗಿಯೇ ಒಂದು ಹಿಡಿಗೆ ಹೋಗುತ್ತದೆ, ಹೋಗಿ, ಬೆರಳು ಮುಚ್ಚಬೇಕೋ ಬಿಚ್ಚಬೇಕೋ ತಿಳಿಯದೆ, ಅಕ್ಕಿಯೊಳಗೇ ಸ್ವಲ್ಪ ಹೊತ್ತು ನಿಲ್ಲುತ್ತದೆ.